ಸಾಹೇಬರ ಹಗ್ಗ ಹಿಡಿದವನು

ಎಲ್ಲಕ್ಕೂ ಮೂಲ ಒಂದು ಗಂಟು.

ಅವನು ಕಚೇರಿಯ ಟಪಾಲು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಪಾರ್ಸೆಲ್ ಕಟ್ಟಿದವನು. ಲಕೋಟೆ ಅಂಟಿಸಿ ಅಂಟಿಸಿ ಬೆರಳ ತುದಿಯಲ್ಲಿ ಯಾವಾಗಲೂ ಅಂಟು ಇರುತ್ತಿದ್ದುದರಿಂದ ಎಲ್ಲರೂ ಅವನನ್ನು ಗೋಂದು ಎಂದೇ ಕರೆಯುತ್ತಿದ್ದರು. ಹೊಸದಾಗಿ ಬಂದ ಸಾಹೇಬರಿಗೆ ಬೆಟ್ಟ ಹತ್ತುವ ಹುಚ್ಚು. ತಮಗಿದ್ದ ಹುಚ್ಚು ಎಲ್ಲರಿಗೂ ಇರಲಿ ಎಂದು, ಸಿಬ್ಬಂದಿಯಲ್ಲಿ ಪರಸ್ಪರ ನಂಬಿಕೆ ಬೆಳೆಸುವ ಸಲುವಾಗಿ ಸರ್ವರೂ ಬಂಡೆ ಹತ್ತಲು ಕಲಿಯತಕ್ಕದ್ದು ಎಂದು ಸುತ್ತೋಲೆ ಹೊರಡಿಸಿದರು.

ಮೊದಲ ಪಾಠ ಸಭಾಂಗಣದಲ್ಲೇ ನಡೆಯಿತು. ಪಾಠ ಹೇಳಲು ಬಂದ ಬಂಡೆ ಮೇಷ್ಟ್ರು ಎಲ್ಲರ ಕೈಗೂ ಒಂದೊಂದು ತುಂಡು ಹಗ್ಗ ಕೊಟ್ಟು, ಎಂಟರ ಅಂಕಿಯ ಹಾಗೆ ಕಾಣುವ ಗಂಟನ್ನು ಹಾಕಿ ತೋರಿಸಿದರು. ಟೈಪಿಸ್ಟ್ ಅಕ್ಕ ಹಾಕಿದ ಗಂಟು ಜಡೆಯ ಹಾಗೆ ಚೆಂದ ಕಂಡಿತು, ಎಳೆದ ಕೂಡಲೇ ಜಡೆಯ ಹಾಗೇ ಬಿಚ್ಚಿಕೊಂಡಿತು. ಹೆಡ್ ಕ್ಲರ್ಕ್ ಹಾಕಿದ್ದನ್ನು ಬಿಚ್ಚಲಾಗದೆ ಕತ್ತರಿ ತರಿಸಬೇಕಾಯಿತು. ಸ್ಟೋರ್ ನೋಡಿಕೊಳ್ಳುವವನನ್ನು ಎಲ್ಲರೂ ಚುರುಕು ಎನ್ನುತ್ತಿದ್ದರು. ಆ ಚುರುಕು ತನ್ನ ಎಡಗೈಯನ್ನೇ ಗಂಟಿನೊಳಗೆ ಸೇರಿಸಿಕೊಂಡು ಕಟ್ಟಿದ್ದ. ಗೋಂದು ಹಾಕಿದ ಗಂಟು ಮಾತ್ರ ಅಚ್ಚೊತ್ತಿದ ಹಾಗೆ ಕೂತಿತು. ಸಾಹೇಬರು ಎಳೆದರು, ಜಗ್ಗಿದರು, ಗೋಡೆಗೆ ಕಾಲು ಕೊಟ್ಟು ನೇತಾಡಿದರು. ಅಲುಗಲಿಲ್ಲ.

"ಬುಧವಾರ ಬಂಡೆ ಹತ್ರ ನನ್ನ ಹಗ್ಗ ಹಿಡಿಯೋನು ಇವನೇ," ಎಂದರು ಸಾಹೇಬರು.

ಗೋಂದುವಿನ ಎದೆ ಧಸಕ್ಕೆಂದಿತು. ಆ ಎದೆಗೆ ಆ ವಾರ ಅದು ಎರಡನೇ ಏಟು. ಮೊದಲನೆಯದು ವರ್ಗಾವಣೆಯ ಆದೇಶ. ಬಸ್ಸಿನಲ್ಲಿ ಒಂಬತ್ತು ಗಂಟೆ ಕೂತರೆ ಸಿಗುವ ಶಾಖೆಗೆ ಅವನನ್ನು ಹಾಕಿದ್ದರು. ಶುಕ್ರವಾರ ಬೆಳಿಗ್ಗೆ ಅಲ್ಲಿ ಹಾಜರಾಗಬೇಕು. ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಅಂಗಡಿ ಶುರುಮಾಡಿ ಆರು ತಿಂಗಳಾಗಿತ್ತು. ಈಗಷ್ಟೇ ಗಿರಾಕಿಗಳು ಕುದುರುತ್ತಿದ್ದರು. ಅವಳು ಅಂಗಡಿ ಬಿಟ್ಟು ಬರುವ ಹಾಗಿಲ್ಲ. ಇವನು ಅವಳನ್ನು ಬಿಟ್ಟು ಹೋದರೆ ನೀರು ಕಾಯಿಸಿಕೊಳ್ಳಲೂ ಬಾರದು. ವರ್ಗಾವಣೆ ರದ್ದು ಮಾಡಿ ಎಂದು ಅರ್ಜಿ ಬರೆದುಕೊಟ್ಟಿದ್ದ. ಅದು ಸಾಹೇಬರ ಮೇಜಿನ ಮೇಲೆ ತಣ್ಣಗೆ ಮಲಗಿತ್ತು. ಬಾಯಿಬಿಟ್ಟು ಕೇಳಬೇಕು. ಗೋಂದುವಿಗೆ ಬಾರದ ವಿದ್ಯೆ ಎಂದರೆ ಅದೊಂದೇ.

ಬುಧವಾರ ಬೆಳಿಗ್ಗೆ ಹೆಂಡತಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಪಾಠ ಹೇಳಿದಳು. "ಇವತ್ತು ತಪ್ಪಿದ್ರೆ ನಾಳೆ ಬಸ್ಸು. ನೆನಪಿರಲಿ. ಅವರ ಜೀವಾನೇ ನಿಮ್ಮ ಕೈಲಿರುತ್ತಂತೆ. ಇದಕ್ಕಿಂತ ಒಳ್ಳೆ ಹೊತ್ತು ಸಿಗುತ್ತೇನ್ರೀ?"

"ಕೇಳ್ತೀನಿ ಕಣೆ."

"ಏನಂತ ಕೇಳ್ತೀರಾ? ಹೇಳಿ ನೋಡೋಣ."

"ಸಾರ್... ಅದು... ಮೊನ್ನೆ..."

ಹೆಂಡತಿ ಗುಂಡುಸೂಜಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ದೇವರೇ ಕಾಪಾಡಬೇಕು," ಎಂದಳು.

ಊರಾಚೆ ಹಳೆಯ ಕಲ್ಲುಗಣಿಯ ಹಿಂದೆ ಆ ಬಂಡೆ. ನಾಲ್ಕು ಮಹಡಿಯ ಎತ್ತರ. ಮುಂಭಾಗ ಗೋಡೆಯ ಹಾಗೆ ನೇರ, ತುದಿಯಲ್ಲಿ ಮಾತ್ರ ಟೋಪಿಯ ಅಂಚಿನಂತೆ ಹೊರಕ್ಕೆ ಚಾಚಿತ್ತು. ಅಂಚು ದಾಟಿದವರು ಕೆಳಗಿನವರಿಗೆ ಕಾಣುವುದಿಲ್ಲ. ಹಿಂಭಾಗದಲ್ಲಿ ಗಣಿಯವರು ಕಡಿದ ಮೆಟ್ಟಿಲಿತ್ತು. ಅಜ್ಜಿಯರೂ ಹತ್ತಬಹುದಾದ ಮೆಟ್ಟಿಲು. ಅದನ್ನು ಬಿಟ್ಟು ಮುಂದಿನಿಂದಲೇ ಏಕೆ ಹತ್ತಬೇಕು ಎಂದು ಗೋಂದುವಿಗೆ ಅನ್ನಿಸಿತು. ಕೇಳಲಿಲ್ಲ.

ಮೇಷ್ಟ್ರು ಅವನ ಸೊಂಟಕ್ಕೆ ದಪ್ಪ ಪಟ್ಟಿ ಬಿಗಿದು, ಪಟ್ಟಿಯ ಕೊಂಡಿಯೊಳಗೆ ಹಗ್ಗ ಪೋಣಿಸಿದರು. ಹಗ್ಗದ ಆ ತುದಿ ಸಾಹೇಬರ ಸೊಂಟಕ್ಕೆ. ಅವರು ಹತ್ತಿದ ಹಾಗೆ ಇವನು ಸ್ವಲ್ಪ ಸ್ವಲ್ಪವೇ ಹಗ್ಗ ಬಿಡಬೇಕು, ಜಾರಿದರೆ ಬಲಗೈ ಕೆಳಕ್ಕೆಳೆದು ತಡೆಯಬೇಕು.

"ಈ ಬಲಗೈ ಇದೆಯಲ್ಲ, ಇದು ಇನ್ಮೇಲೆ ನಿಮ್ಮದಲ್ಲ," ಎಂದರು ಮೇಷ್ಟ್ರು. "ಇದು ಹಗ್ಗ ಬಿಟ್ರೆ ಮೇಲಿನವರು ಹೋದ್ರು ಅಂತ ಲೆಕ್ಕ. ಅವರು ತುದಿ ಮುಟ್ಟಿ, ಹಗ್ಗ ಬಿಚ್ಚಿ, 'ಭದ್ರ' ಅಂತ ಕೂಗ್ತಾರೆ. ಅವರ ಬಾಯಿಂದ ಬಂದದ್ದು ನಿಮ್ಮ ಕಿವಿಗೆ ಬಿದ್ದ ಮೇಲೇನೇ ಬಿಡೋದು. ನಿಮ್ಮ ಹೆಂಡ್ತಿ ಹೇಳಿದ್ರೂ ಬಿಡಬಾರದು. ನಾನು ಹೇಳಿದ್ರೂ ಬಿಡಬಾರದು. ತಿಳೀತಾ?"

"ತಿಳೀತು ಸಾರ್," ಎಂದ ಗೋಂದು. ಅವನ ಬಲಗೈ ಆಗಲೇ ಬೆವರುತ್ತಿತ್ತು.

ಮೇಷ್ಟ್ರು ಇನ್ನೊಂದು ತಂಡಕ್ಕೆ ಪಾಠ ಹೇಳಲು ಪಕ್ಕದ ಬಂಡೆಗೆ ಹೋದರು. ಸಾಹೇಬರು ಅಂಗೈಗೆ ಬಿಳಿಪುಡಿ ಹಚ್ಚಿಕೊಂಡು ಗೋಡೆಯ ಮೇಲಿನ ಹಲ್ಲಿಯಂತೆ ಹತ್ತತೊಡಗಿದರು. ಅಲ್ಲಲ್ಲಿ ಬಂಡೆಗೆ ಹೊಡೆದಿದ್ದ ಉಂಗುರಗಳಿಗೆ ಹಗ್ಗ ಸಿಕ್ಕಿಸುತ್ತಾ, "ಹಗ್ಗ ಬಿಡಿ! ಬಿಗಿ ಹಿಡೀರಿ! ಬಿಡಿ!" ಎಂದು ಕೂಗುತ್ತಾ ಹೋದರು. ಇಪ್ಪತ್ತು ನಿಮಿಷದಲ್ಲಿ ಅವರ ಬೂಟಿನ ಹಿಮ್ಮಡಿ ಅಂಚಿನಾಚೆ ಮಾಯವಾಯಿತು.

ಆಮೇಲೆ ಸದ್ದಿಲ್ಲ. ಗಾಳಿ ಮಾತ್ರ ಬಂಡೆಯ ಸಂದಿಯಲ್ಲಿ ಕುಕ್ಕರಿನ ಹಾಗೆ ಶಿಳ್ಳೆ ಹಾಕುತ್ತಿತ್ತು.

ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಗೋಂದು ಸಡಿಲವಾಗಿದ್ದ ಹಗ್ಗವನ್ನು ಎಳೆದುಕೊಂಡ. ಒಂದಷ್ಟು ಬಂದು ಬಿಗಿಯಾಗಿ ನಿಂತಿತು. ಅಂದರೆ ಆ ತುದಿಯಲ್ಲಿ ಸಾಹೇಬರಿದ್ದಾರೆ. ಆದರೆ ಅಲುಗುತ್ತಿಲ್ಲ.

"'ಭದ್ರ' ಅಂದದ್ದು ಯಾರಿಗಾದ್ರೂ ಕೇಳಿಸ್ತಾ?" ಎಂದ.

"ಏನೋ ಒಂದು ಕೇಳಿಸ್ತಪ್ಪ. ಕಾಗೆ ಇರಬೇಕು," ಎಂದಳು ಟೈಪಿಸ್ಟ್ ಅಕ್ಕ, ನೆರಳಲ್ಲಿ ಕೂತು ಬಿಸ್ಕತ್ತು ಮುರಿಯುತ್ತಾ.

ಹೆಡ್ ಕ್ಲರ್ಕ್ ಛತ್ರಿ ಬಿಚ್ಚಿ ಹತ್ತಿರ ಬಂದರು. ಗೋಂದುವಿಗೆ ನೆರಳು ಮಾಡುತ್ತಾರೇನೋ ಎಂದರೆ, ತಮ್ಮ ತಲೆಗೇ ಹಿಡಿದುಕೊಂಡು ಹೇಳಿದರು: "ನೋಡಪ್ಪಾ, ತರಬೇತಿ ಹೊತ್ತಲ್ಲಿ ಮೇಲಧಿಕಾರಿ ಬಿದ್ರೆ ಪೂರ್ತಿ ಹೊಣೆ ಹಗ್ಗ ಹಿಡಿದವನದು. ಸುತ್ತೋಲೆ ಮೂರನೇ ಪುಟ. ವಿವರಣೆ ಮೂರು ಪ್ರತಿ ಕೊಡಬೇಕಾಗುತ್ತೆ."

"ಅವರು ಬಿದ್ದಿಲ್ಲ ಸಾರ್."

"ಬಿದ್ದಿಲ್ಲ ಸರಿ. ಎದ್ದಿದ್ದಾರಾ?"

ಗೋಂದು ಹೌಹಾರಿದ. ಆ ದಿಕ್ಕಿನಲ್ಲಿ ಅವನು ಯೋಚಿಸಿರಲಿಲ್ಲ. ಬಿಸಿಲಿಗೆ ತಲೆಸುತ್ತು ಬಂದು ಸಾಹೇಬರು ಅಂಚಿನಲ್ಲೇ ಒರಗಿದ್ದರೆ? ಈ ಹಗ್ಗವೊಂದೇ ಅವರನ್ನು ಹಿಡಿದಿದ್ದರೆ? ಅವನು ಬಲಗೈಯನ್ನು ಇನ್ನೂ ಬಿಗಿ ಮಾಡಿದ.

ಚುರುಕು ಪಕ್ಕಕ್ಕೆ ಬಂದು ಮೆಲ್ಲಗೆ, "ಗೋಂದಣ್ಣ, ನಿನಗೆ ಸಾಕಾಗಿರುತ್ತೆ. ನನ್ನ ಕೈಗೆ ಕೊಡು. ನೀನು ನೀರು ಕುಡಿ," ಎಂದ. ಸಾಹೇಬರು ಕೆಳಗೆ ಬಂದಾಗ ಹಗ್ಗ ಯಾರ ಕೈಯಲ್ಲಿರುತ್ತದೋ ಅವರ ಮೇಲೆ ಕೃಪೆ ಬೀಳುತ್ತದೆ ಎಂಬ ಅಂದಾಜು ಅವನದು.

"ಬೇಡ."

"ಕೊಡು ಮಾರಾಯ!" ಎಂದು ಚುರುಕು ಕೈ ಹಾಕಿದ. ಗೋಂದು ಮೊಣಕೈಯಿಂದ ತಳ್ಳಿದ. ಇಬ್ಬರೂ ಒಂದೇ ಹೊದಿಕೆಗೆ ಜಗಳವಾಡುವ ಮಕ್ಕಳ ಹಾಗೆ ಎಳೆದಾಡಿದರು. ಆ ಗಲಾಟೆಯಲ್ಲಿ ಗೋಂದುವಿನ ಕನ್ನಡಕ ಜಾರಿ ಮೂಗಿನ ತುದಿಗೆ ಬಂದು ನಿಂತಿತು. ಸರಿಮಾಡಿಕೊಳ್ಳಲು ಕೈಯಿಲ್ಲ. ಅಲ್ಲಿಂದ ಮುಂದೆ ಲೋಕವೆಲ್ಲ ಅವನಿಗೆ ಒದ್ದೆ ಗಾಜಿನಾಚೆ ಇದ್ದಂತೆ ಕಂಡಿತು.

ಅಷ್ಟರಲ್ಲಿ ಟೈಪಿಸ್ಟ್ ಅಕ್ಕನ ಫೋನು ರಿಂಗಣಿಸಿತು. "ನಿಮ್ಮನೆಯವರು," ಎಂದು ಅಕ್ಕ ಅದನ್ನು ಅವನ ಕಿವಿಗೆ ಒತ್ತಿದಳು.

"ಕೇಳಿದ್ರಾ?" ಎಂದಳು ಹೆಂಡತಿ. ಹಿಂದೆ ಹೊಲಿಗೆ ಯಂತ್ರದ ಸದ್ದು.

"ಇನ್ನೂ ಇಲ್ಲ ಕಣೆ. ಅವರು ಮೇಲಿದ್ದಾರೆ. ಮಾತಾಡ್ತಿಲ್ಲ."

"ಹಗ್ಗ ನಿಮ್ಮ ಕೈಲಿದೆ ತಾನೇ?"

"ಇದೆ."

"ಹಾಗಾದ್ರೆ ರದ್ದು ಮಾಡ್ತೀನಿ ಅನ್ನೋವರೆಗೂ ಇಳಿಸಬೇಡಿ!"

"ಅಯ್ಯೋ, ಅವರು ಬದುಕಿದ್ದಾರೋ ಇಲ್ವೋ ಅದೇ ಗೊತ್ತಿಲ್ಲ ಕಣೆ!"

ಆ ಕಡೆ ಯಂತ್ರ ನಿಂತಿತು. "ಏನಂದ್ರಿ? ಏನು ಮಾಡಿಬಿಟ್ರಿ ನೀವು? ಮೊದಲು ಆ ಹಗ್ಗ ಬಿಟ್ಟು ಮನೆಗೆ ಬನ್ನಿ!"

"ನೀನು ಹೇಳಿದ್ರೂ ಬಿಡಬಾರದಂತೆ," ಎಂದ ಗೋಂದು ದೈನ್ಯದಿಂದ. ಅಕ್ಕನ ಕೈ ನೋಯತೊಡಗಿ ಫೋನು ಕಿವಿಯಿಂದ ಸರಿಯಿತು.

ಇನ್ನು ತಡೆಯುವ ಹಾಗಿರಲಿಲ್ಲ. "ಅಕ್ಕಾ, ಹಿಂದಿನ ಮೆಟ್ಟಿಲಿಂದ ಹತ್ತಿ ಒಂಚೂರು ನೋಡ್ಕೊಂಡು ಬಾ ತಾಯಿ. ಸಾಹೇಬರು ಹೇಗಿದ್ದಾರೆ ಅಂತ ಬಂದು ಹೇಳು ಸಾಕು," ಎಂದ. ಅಕ್ಕನ ಮನಸ್ಸು ಕರಗಿತು. ಚಪ್ಪಲಿ ಮೆಟ್ಟಿ, "ಈಗ ಬಂದೆ," ಎಂದು ಹೋದಳು.

ಅರ್ಧ ಗಂಟೆಯಾದರೂ ಬರಲಿಲ್ಲ.

"ಹೆಂಗಸನ್ನ ಕಳಿಸಿದ್ದೇ ತಪ್ಪು," ಎಂದು ಹೆಡ್ ಕ್ಲರ್ಕ್ ತಾವೇ ಹೊರಟರು. "ಐದು ನಿಮಿಷ. ಮುಟ್ಟಿ ವಾಪಸ್ಸು." ಛತ್ರಿ ಬಂಡೆಯ ತಿರುವಿನಲ್ಲಿ ಮರೆಯಾಯಿತು. ಅವರೂ ಬರಲಿಲ್ಲ.

ಗೋಂದು, ಚುರುಕು ಇಬ್ಬರೂ ಮೇಲೆ ನೋಡಿದರು. ಚುರುಕುವಿನ ಮುಖ ಸೀಮೆಸುಣ್ಣದಂತಾಗಿತ್ತು. "ಗೋಂದಣ್ಣ, ಹೋದವರೆಲ್ಲ ಅಲ್ಲೇ ಉಳೀತಾರಲ್ಲೋ. ಚಿರತೆ ಗಿರತೆ ಇದೆಯಾ ಹೇಗೆ?"

"ಚಿರತೆ ಆಗಿದ್ರೆ ಅಕ್ಕ ಕೂಗ್ತಿದ್ಲು. ಅವಳ ಗಂಟಲು ನಿನಗೆ ಗೊತ್ತಿಲ್ವಾ?"

ಅದೇ ಗಳಿಗೆಯಲ್ಲಿ ಹಗ್ಗ ಎರಡು ಸಲ ಜಗ್ಗಿತು. ಗೋಂದುವಿನ ಜೀವ ಬಾಯಿಗೆ ಬಂದು ಮತ್ತೆ ಒಳಕ್ಕೆ ಹೋಯಿತು. "ಇದ್ದಾರೆ! ಬದುಕಿದ್ದಾರೆ! ನಿತ್ರಾಣದಲ್ಲಿ ಜಗ್ತಿದ್ದಾರೆ! ಓಡು ಮಾರಾಯ, ನೀರು ತಗೊಂಡು ಓಡು!"

ಚುರುಕು ಬಾಟಲಿ ಹಿಡಿದು ಓಡಿದ. ಓಡಿದವನು ಓಡಿಯೇ ಹೋದ.

ಗೋಂದು ಒಬ್ಬನೇ ಆದ. ಹೊಟ್ಟೆ ಹಸಿದಿತ್ತು; ಊಟದ ಡಬ್ಬಿ ನಾಲ್ಕು ಮಾರು ದೂರದ ಕಲ್ಲಿನ ಮೇಲೆ ಕೂತು ಅವನನ್ನೇ ನೋಡುತ್ತಿತ್ತು. ಬಲಗಾಲ ಪ್ಯಾಂಟಿನೊಳಗೆ ಇರುವೆಗಳು ಸಾಲು ಹಿಡಿದು ತಮ್ಮ ಬಂಡೆ ಹತ್ತುವ ತರಬೇತಿಯನ್ನು ಶುರುಮಾಡಿದ್ದವು. ಅವನು ಎಡಗಾಲಿನಿಂದ ಬಲಗಾಲನ್ನು ಉಜ್ಜಿಕೊಂಡ. ಅತ್ತ ನಾಯಿ ತಿರುಗಾಡಿಸುತ್ತಿದ್ದ ಮುದುಕರೊಬ್ಬರು ನಿಂತು ನೋಡಿದರು.

"ಬಾವಿ ಇದೆಯೇನಪ್ಪಾ ಮೇಲೆ? ನೀರು ಸೇದ್ತಿದ್ದೀಯಾ?"

"ಅಲ್ಲ ಯಜಮಾನರೇ. ತುದಿಯಲ್ಲಿ ನಮ್ಮ ಸಾಹೇಬರಿದ್ದಾರೆ."

ಮುದುಕರು ಹಗ್ಗವನ್ನು ನೋಡಿದರು, ಅವನ ಮುಖ ನೋಡಿದರು, ನಾಯಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ದಡದಡನೆ ನಡೆದುಬಿಟ್ಟರು.

ಮಧ್ಯಾಹ್ನ ಮೂರಕ್ಕೆ ಮೇಷ್ಟ್ರು ಬಂದರು. ಅವರನ್ನು ಕಂಡು ಗೋಂದುವಿಗೆ ಕಣ್ಣಲ್ಲಿ ನೀರೇ ಬಂತು.

"ಇದೇನ್ರೀ, ಬೆಳಿಗ್ಗೆಯಿಂದ ಹೀಗೇ ನಿಂತಿದ್ದೀರಾ?" ಮೇಷ್ಟ್ರು ದಂಗಾದರು. "ಬಿಡ್ರೀ ಹಗ್ಗ!"

"ನೀವು ಹೇಳಿದ್ರೂ ಬಿಡಬಾರದು ಅಂದಿದ್ರಿ ಸಾರ್."

ಹದಿನೆಂಟು ವರ್ಷದಿಂದ ಪಾಠ ಹೇಳುತ್ತಿದ್ದರೂ ಹೇಳಿದ್ದನ್ನು ಹೇಳಿದ ಹಾಗೇ ಕೇಳಿದ ಮೊದಲ ಶಿಷ್ಯನನ್ನು ಮೇಷ್ಟ್ರು ನೋಡುತ್ತಿದ್ದರು. ಅವನ ಕನ್ನಡಕವನ್ನು ಮೆಲ್ಲಗೆ ಮೇಲಕ್ಕೇರಿಸಿ, ಬೆನ್ನು ಸವರಿ, "ಇರಿ, ನೋಡಿ ಬರ್ತೀನಿ," ಎಂದು ಮೆಟ್ಟಿಲ ಕಡೆ ಹೋದರು.

ಮೇಷ್ಟ್ರೂ ಬರಲಿಲ್ಲ.

ಗೋಂದು ಮನಸ್ಸಿನಲ್ಲೇ ಎಣಿಸಿದ. ಸಾಹೇಬರ ಹಿಂದೆ ನಾಲ್ಕು ಜನ ಹತ್ತಿದ್ದಾರೆ, ಒಬ್ಬರೂ ಇಳಿದಿಲ್ಲ. ಬಂಡೆ ಬಾಯಿ ತೆರೆದು ಒಬ್ಬೊಬ್ಬರನ್ನೇ ನುಂಗಿತೇ? ಹಗ್ಗ ಆಗಾಗ ಜಗ್ಗುತ್ತಿತ್ತು. ಜಗ್ಗಿದಾಗಲೆಲ್ಲ ಅವನು, "ಹಿಡಿದಿದ್ದೀನಿ ಸಾರ್! ಹೆದರಬೇಡಿ ಸಾರ್!" ಎಂದು ಕೂಗಿದ. ನಾಲ್ಕೂವರೆಯಾಯಿತು. ನಾಳೆಯ ಬಸ್ಸು, ವರ್ಗಾವಣೆ, ಹೊಲಿಗೆ ಅಂಗಡಿ ಎಲ್ಲವೂ ಅವನ ತಲೆಯಲ್ಲಿ ತಿರುಗಿದವು.

ಹಿಂದಿನಿಂದ ಯಾರೋ ಹೆಗಲು ಮುಟ್ಟಿದರು.

"ಏನ್ರೀ ಗೋಂದು, ಆರಾಮಾ?"

ತಿರುಗಿ ನೋಡಿದ. ಸಾಹೇಬರು. ಮೈಮೇಲೆ ಒಂದು ಗೀರೂ ಇಲ್ಲ. ಕೈಯಲ್ಲಿ ಟೈಪಿಸ್ಟ್ ಅಕ್ಕನ ಬಿಸ್ಕತ್ತು. ಹಿಂದೆ ಮೇಷ್ಟ್ರು, ಅಕ್ಕ, ಹೆಡ್ ಕ್ಲರ್ಕ್, ಚುರುಕು ಸಾಲಾಗಿ ನಿಂತಿದ್ದಾರೆ.

ಗೋಂದು ಸಾಹೇಬರನ್ನು ನೋಡಿದ, ಬಿಗಿಯಾಗಿ ಮೇಲಕ್ಕೆ ಹೋಗಿದ್ದ ಹಗ್ಗವನ್ನು ನೋಡಿದ, ಮತ್ತೆ ಸಾಹೇಬರನ್ನು ನೋಡಿದ.

"ಸಾರ್... ನೀವು ಇಲ್ಲಿದ್ರೆ ಮೇಲಿರೋದು ಯಾರು?"

"ಮರ!" ಎಂದು ಸಾಹೇಬರು ಗಹಗಹಿಸಿ ನಕ್ಕರು. "ಹೋದ ತಕ್ಷಣ ಬಿಚ್ಚಿ ಮರಕ್ಕೆ ಕಟ್ಟಿದೆ. ಕೂಗಿದೆ ಕೂಡ. ಗಾಳಿಗೆ ನಿಮಗೆ ಕೇಳಿಸಿಲ್ಲ. ಆಮೇಲೆ ಈಯಮ್ಮ ಬಂದು, ಅವನಿನ್ನೂ ಹಿಡ್ಕೊಂಡೇ ಇದ್ದಾನೆ ಅಂದ್ರು. ಎಷ್ಟು ಹೊತ್ತು ಹಿಡೀತೀರಿ ನೋಡೋಣ ಅಂತ ನಾನೇ ಎಲ್ಲರನ್ನೂ ಅಲ್ಲೇ ಕೂರಿಸ್ಕೊಂಡು ಆಗಾಗ ಹಗ್ಗ ಜಗ್ತಿದ್ದೆ. ಏಳು ಗಂಟೆ ಹೊತ್ತು! ಬಿಡ್ರೀ ಇನ್ನ."

ಗೋಂದು ಬಿಡಲಿಲ್ಲ. "'ಭದ್ರ' ಅನ್ನಿ ಸಾರ್."

"ಭದ್ರ!"

ಬಿಡಲು ನೋಡಿದ. ಬೆರಳು ಬಿಚ್ಚಲಿಲ್ಲ. ಮೇಷ್ಟ್ರು ಒಂದೊಂದೇ ಬೆರಳನ್ನು ಬಿಡಿಸಿದರು.

ಏಳು ಗಂಟೆಯ ಬಿಸಿಲು, ಏಳು ಗಂಟೆಯ ದಿಗಿಲು ಸೇರಿ ಗೋಂದುವಿನೊಳಗೆ ಎಂದೂ ಇಲ್ಲದ ಧೈರ್ಯವೊಂದು ಉಕ್ಕಿತು. ಸತ್ತರೆಂದುಕೊಂಡಿದ್ದವರು ಎದುರಿಗೆ ಬಿಸ್ಕತ್ತು ತಿನ್ನುತ್ತಿರುವಾಗ ಇನ್ನು ಹೆದರುವುದಕ್ಕೇನಿದೆ? ಅವನು ನೇರವಾಗಿ ನಿಂತು, ಒಂದೇ ಉಸಿರಿಗೆ ಹೇಳಿಬಿಟ್ಟ: "ಸಾರ್, ನನ್ನ ವರ್ಗಾವಣೆ ರದ್ದು ಮಾಡಿ ಸಾರ್!"

"ಆಗಲೇ ಮಾಡಿಯಾಯ್ತಲ್ರೀ!" ಎಂದರು ಸಾಹೇಬರು. "ಮೇಲೆ ಕೂತೇ ಫೋನು ಹಚ್ಚಿಸಿ ಆದೇಶ ಹೊರಡಿಸಿದೆ. ನಿಮ್ಮ ಜಾಗಕ್ಕೆ ಇವನು ಹೋಗ್ತಾನೆ. ತಾನೇ ಕೇಳ್ಕೊಂಡ."

ಸಾಹೇಬರು ತೋರಿಸಿದ್ದು ಚುರುಕುವನ್ನು.

ಗೋಂದುವಿಗೆ ನಂಬಲಾಗಲಿಲ್ಲ. ಬೆಳಿಗ್ಗೆ ಈ ಮನುಷ್ಯನನ್ನು ಮೊಣಕೈಯಿಂದ ತಳ್ಳಿದ್ದೆನಲ್ಲ ಎಂದು ಮನಸ್ಸು ಹಿಂಡಿತು. ಹೋಗಿ ಅವನನ್ನು ತಬ್ಬಿಕೊಂಡ. "ನನಗೋಸ್ಕರ ಇಂಥ ತ್ಯಾಗ ಮಾಡಿದೆಯಲ್ಲೋ ತಮ್ಮಾ! ಏಳು ಜನ್ಮಕ್ಕೂ ಮರೆಯಲ್ಲ."

ಚುರುಕು ಅವನ ಕಣ್ಣು ತಪ್ಪಿಸಿದ. ಟೈಪಿಸ್ಟ್ ಅಕ್ಕ ಬಾಗಿ ಚಪ್ಪಲಿಯಲ್ಲಿ ಏನನ್ನೋ ಹುಡುಕಿದಳು. ಹೆಡ್ ಕ್ಲರ್ಕ್ ಮೋಡವಿಲ್ಲದ ಆಕಾಶಕ್ಕೆ ಛತ್ರಿ ಬಿಚ್ಚಿ ಮುಖ ಮುಚ್ಚಿಕೊಂಡರು.

"ನೀವು ಹೋದ್ರೆ ನನ್ನ ಗತಿ ಏನ್ರೀ?" ಸಾಹೇಬರು ಗೋಂದುವಿನ ಬೆನ್ನ ಮೇಲೆ ಬಾರಿಸಿದರು. "ಮುಂದಿನ ತಿಂಗಳು ಹದಿನೈದಕ್ಕೆ ಹೊರಡ್ತೀವಿ."

"ಎಲ್ಲಿಗೆ ಸಾರ್?"

"ಹಿಮದ ಬೆಟ್ಟಕ್ಕೆ! ಇಲಾಖೆಯಿಂದ ಒಪ್ಪಿಗೆ ಬಂದಿದೆ. ಎಪ್ಪತ್ತು ದಿನ. ಇಂಥ ಬಂಡೆ ನೂರು, ಒಂದರ ಮೇಲೊಂದು ಇಟ್ಟ ಹಾಗೆ ಅಂದ್ಕೊಳ್ಳಿ. ನನ್ನ ಹಗ್ಗ ಹಿಡಿಯೋಕೆ ಒಬ್ಬರು ಬೇಕು. ಮೇಲೆ ಬಂದವರನ್ನೆಲ್ಲ ಕೇಳಿದೆ. ಈಯಮ್ಮನಿಗೆ ಮಂಡಿನೋವಂತೆ. ಇವರು ನಿಯಮದಲ್ಲಿ ಅವಕಾಶವಿಲ್ಲ ಅಂದ್ರು. ಇವನಂತೂ, ಬೇಕಾದ್ರೆ ಗೋಂದಣ್ಣನ ಬದಲು ಆ ದೂರದ ಶಾಖೆಗೆ ಈಗಲೇ ಹೋಗ್ತೀನಿ ಅಂತ ಕಾಲು ಹಿಡ್ಕೊಂಡ. ಆದ್ರೆ ಮೂವರದೂ ಒಂದೇ ಮಾತು: ಗೋಂದು ಇದ್ದಾನಲ್ಲ ಸಾರ್, ಅವನನ್ನ ಕರ್ಕೊಂಡು ಹೋಗಿ. ಮೇಷ್ಟ್ರೂ ಸರ್ಟಿಫಿಕೇಟು ಕೊಟ್ಟುಬಿಟ್ರು!"

ಮೇಷ್ಟ್ರು ಹೆಮ್ಮೆಯಿಂದ ತಲೆಯಾಡಿಸಿದರು.

ಗೋಂದು ಎಲ್ಲರ ಮುಖಗಳನ್ನೂ ಒಂದೊಂದಾಗಿ ನೋಡಿದ. ಕೇಳುವ ಧೈರ್ಯ ಒಂದೇ ಸಲಕ್ಕೆ ಆಗುವಷ್ಟು ಬಂದಿತ್ತು. ಅದು ಆಗಲೇ ಖರ್ಚಾಗಿತ್ತು. ಸಾಹೇಬರು ಶಿಳ್ಳೆ ಹಾಕುತ್ತಾ ಜೀಪಿನ ಕಡೆ ನಡೆದರು.

ಟೈಪಿಸ್ಟ್ ಅಕ್ಕ ಪಶ್ಚಾತ್ತಾಪದಿಂದ ತಾನೇ ಅವನ ಮನೆಗೆ ಫೋನು ಹಚ್ಚಿ ಕೈಗಿತ್ತಳು.

"ರದ್ದಾಯ್ತು ಕಣೆ," ಎಂದ ಗೋಂದು.

"ಅಬ್ಬಾ! ಕೇಳಿಯೇ ಬಿಟ್ರಾ?" ಹೆಂಡತಿಯ ದನಿ ಅರಳಿತು. ಉಳಿದದ್ದನ್ನು ಅವನು ತೊದಲುತ್ತಾ ಹೇಳಿದ. ಹಿಮ ಎಂದ, ನೂರು ಬಂಡೆ ಎಂದ, ಎಪ್ಪತ್ತು ದಿನ ಎಂದ.

"ಆ ಶಾಖೆಯಲ್ಲಾದ್ರೂ ಕಾಲ ಕೆಳಗೆ ನೆಲ ಇತ್ತಲ್ರೀ!" ಎಂದು ಹೆಂಡತಿ ಕಿರುಚಿದಳು. "ನನ್ನ ಅಂಗಡಿ ಹೋದ್ರೂ ಹೋಗಲಿ. ಇಬ್ಬರೂ ಅಲ್ಲಿಗೇ ಹೋಗೋಣ. ಓಡಿ, ಆ ವರ್ಗಾವಣೇನ ವಾಪಸ್ ಇಸ್ಕೊಳ್ಳಿ!"

ಗೋಂದು ಓಡಿದ. ಚುರುಕು ಆಗಲೇ ರಸ್ತೆಯಲ್ಲಿ ನಿಂತು ಎದುರಿಗೆ ಬಂದ ಬಸ್ಸಿಗೆ ಕೈ ಅಡ್ಡ ಹಾಕಿದ್ದ.

"ತಮ್ಮಾ, ಆ ಜಾಗ ನನಗೇ ಬಿಟ್ಟುಕೊಡೋ. ನಿನ್ನ ದಮ್ಮಯ್ಯ!"

ಚುರುಕು ಬಸ್ಸಿನ ಮೆಟ್ಟಿಲು ಹತ್ತಿ, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದ: "ಆಗಲ್ಲ ಗೋಂದಣ್ಣ. ನಾನು ಆಗಲೇ ವಿಚಾರಿಸಿದೀನಿ. ಆ ಊರು ಚಾಪೆ ಹಾಸಿದ ಹಾಗೆ ಚಪ್ಪಟೆಯಂತೆ, ಸುತ್ತ ಎಲ್ಲೂ ಒಂದು ದಿಬ್ಬ ಕೂಡ ಇಲ್ವಂತೆ!"